ಗಡಿಯಲ್ಲಿ ನಿಂತವರು: ಸಾಂಕ್ರಾಮಿಕ ಮತ್ತು ನಮ್ಮ ಸಮಾಜ

(ದತ್ತಿ ಉಪನ್ಯಾಸದ ಲಿಖಿತ ರೂಪ)



 ಈ ಉಪನ್ಯಾಸದ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಕೊರೊನಾ ಮುಗಿದುಹೋದ ಕತೆ, ಅದರ ಮಾತು ಈಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಮುಗಿದ ಮೇಲೆಯೇ ಅದರ ಬಗ್ಗೆ ಮಾತನಾಡಬೇಕು ಎಂಬುದು ನನ್ನ ನಂಬಿಕೆ. ರೋಗ ಮೈಮೇಲೆ ಬಂದಾಗ ಯಾವ ಸಮಾಜಕ್ಕೂ ಯೋಚಿಸಲು ಪುರುಸೊತ್ತಿರುವುದಿಲ್ಲ. ಮೊದಲಿನಿಂದ ಮೈಗೂಡಿದ ಅಭ್ಯಾಸದಂತೆ ಅದು ನಡೆದುಕೊಳ್ಳುತ್ತದೆ. ಆ ಅಭ್ಯಾಸಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂದು ತೀರ್ಮಾನಿಸಲು ರೋಗವಿಲ್ಲದ ಕಾಲವೇ ಬೇಕು.

ನಾನು ಹೇಳಬೇಕೆಂದಿರುವುದು ಇಷ್ಟು. ಸಾಂಕ್ರಾಮಿಕ ಬಂದಾಗ ಎಲ್ಲ ಸಮಾಜಗಳೂ ಗಡಿ ಹಾಕುತ್ತವೆ. ಗಡಿ ಹಾಕುವುದು ತಪ್ಪಲ್ಲ, ಎಷ್ಟೋ ಸಲ ಅದರಿಂದಲೇ ಜೀವ ಉಳಿದಿದೆ. ಆದರೆ ಗಡಿಯಾಚೆಗೆ ನಾವು ಕಳಿಸುತ್ತಿರುವುದು ರೋಗವನ್ನೋ ರೋಗಿಯನ್ನೋ? ಒಂದು ಸಮಾಜದ ಯೋಗ್ಯತೆ ತಿಳಿಯುವುದು ಅಲ್ಲಿ. ನಮ್ಮ ಕರಾವಳಿಯ ಅನುಭವದ ಮೂಲಕ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

1. ಕಾಪುವಿನ ಮಾರಿ

ಉಡುಪಿಯಿಂದ ಹೆದ್ದಾರಿ ಹಿಡಿದು ತೆಂಕಕ್ಕೆ ಹೋದರೆ ಸಿಗುವ ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ: ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಕಲ್ಯದ ಮೂರನೇ ಮಾರಿಗುಡಿ. ವರ್ಷಕ್ಕೆ ಮೂರು ಬಾರಿ, ತುಳು ತಿಂಗಳುಗಳಾದ ಸುಗ್ಗಿ, ಆಟಿ, ಜಾರ್ದೆಯಲ್ಲಿ, ಮಂಗಳವಾರ ಮತ್ತು ಬುಧವಾರ ಅಲ್ಲಿ ಮಾರಿಪೂಜೆ ನಡೆಯುತ್ತದೆ. ಸುಗ್ಗಿ ಮಾರಿಪೂಜೆಗೆ ಸೇರುವ ಜನರನ್ನು ನೀವೆಲ್ಲ ನೋಡಿದವರೇ. ಶಂಕರಪುರದ ಮಲ್ಲಿಗೆ ಅಟ್ಟೆಗಟ್ಟಲೆ ಬರುತ್ತದೆ, ಹರಕೆಯ ಕೋಳಿ, ಆಡುಗಳು ಬರುತ್ತವೆ. ಹೊಸ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ.

ಮಾರಿಯ ಆರಾಧನೆ ಭಯದಿಂದ ಹುಟ್ಟಿತು ಎಂದು ಹೇಳಿ ಮುಗಿಸುವುದು ಸುಲಭ. ಭಯ ಇದ್ದದ್ದು ನಿಜ. ಸಿಡುಬು, ಕಾಲರಾ ಒಂದು ಸಲ ಊರು ಹೊಕ್ಕರೆ ಮನೆಮನೆಯ ಲೆಕ್ಕ ತಪ್ಪಿಸುತ್ತಿದ್ದ ಕಾಲ ಅದು. ಆದರೆ ಆ ಆಚರಣೆಗಳ ಒಳಗೆ ಇನ್ನೂ ಒಂದು ವಿಚಾರವಿದೆ. ರೋಗವನ್ನು ತರುವ ಶಕ್ತಿಯನ್ನು ಕರೆದು, ಕೂರಿಸಿ, ಹೂ ಮುಡಿಸಿ, ಉಣಿಸಿ, ತೃಪ್ತಿಪಡಿಸಿ ಕಳಿಸಬೇಕು. ಅದರೊಡನೆ ಒಂದು ಸಂಬಂಧ ಇಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ ಎಂಬ ಎಚ್ಚರ ಇರುವುದರಿಂದಲೇ ಪೂಜೆ ವರ್ಷಕ್ಕೆ ಮೂರು ಸಲ. ಸಿಡುಬು 1975ರಲ್ಲಿ ಭಾರತದಿಂದ ತೊಲಗಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕಾಪುವಿನ ಮಾರಿಪೂಜೆ ನಿಲ್ಲಲಿಲ್ಲ. ರೋಗಗಳು ಮುಗಿಯುವುದಿಲ್ಲ ಎಂಬುದು ಆ ಆಚರಣೆಗೆ ಗೊತ್ತಿತ್ತು.

ಮನೆಯೊಳಗೆ ಸಿಡುಬಿನ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಕ್ರಮವನ್ನು ಹಿರಿಯರು ಈಗಲೂ ವಿವರಿಸುತ್ತಾರೆ. ರೋಗಿಗೆ ಬೇರೆ ಕೋಣೆ. ಹಾಸಿಗೆಯಲ್ಲಿ ಕಹಿಬೇವಿನ ಎಲೆ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ನೆಂಟರು ಬರುವಂತಿಲ್ಲ, ಮನೆಯವರು ಮದುವೆ ಮುಂಜಿಗೆ ಹೋಗುವಂತಿಲ್ಲ. ಗುಣವಾದ ಮೇಲೆ ಬೇವು, ಅರಸಿನದ ನೀರಿನ ಸ್ನಾನ, ಅನಂತರ ದೇವಿಗೆ ಸೇವೆ. ಇಂದಿನ ವೈದ್ಯರು ಹೇಳುವ ಪ್ರತ್ಯೇಕವಾಸದ ಮುಖ್ಯ ಅಂಶಗಳು ಬಹುಮಟ್ಟಿಗೆ ಇದರಲ್ಲಿವೆ. ಅದಕ್ಕಿಂತ ಮುಖ್ಯವಾದ ಒಂದು ಅಂಶವೂ ಇದೆ. ದೇವಿಯೇ ಮೈಮೇಲೆ ಬಂದಿದ್ದಾಳೆ ಎಂಬ ನಂಬಿಕೆಯಿಂದ ರೋಗಿಯನ್ನು ಯಾರೂ ಹಳಿಯುತ್ತಿರಲಿಲ್ಲ. ಎಲ್ಲಿಂದ ತಂದೆ, ಯಾರನ್ನು ಮುಟ್ಟಿದೆ ಎಂದು ವಿಚಾರಣೆ ಮಾಡುತ್ತಿರಲಿಲ್ಲ. ಅವನನ್ನು ದೂರ ಇಟ್ಟರೂ ಅವನ ಗೌರವಕ್ಕೆ ಕುಂದು ಬರುತ್ತಿರಲಿಲ್ಲ. ವೈದ್ಯಕೀಯ ದೃಷ್ಟಿಯಿಂದ ಆ ನಂಬಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಸಿಡುಬನ್ನು ಓಡಿಸಿದ್ದು ಲಸಿಕೆ. ದೂರವನ್ನೂ ಗೌರವವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಸಾಧ್ಯವಿದೆ ಎಂಬುದಕ್ಕೆ ಅದು ಸಾಕ್ಷಿ ಎಂದಷ್ಟೇ ಹೇಳುತ್ತಿದ್ದೇನೆ.

ಇದು ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯೂ ಅಲ್ಲ. 2000ದಲ್ಲಿ ಉಗಾಂಡಾದ ಗುಲು ಪ್ರದೇಶದಲ್ಲಿ ಎಬೋಲಾ ಹರಡಿದಾಗ ಬ್ಯಾರಿ ಹ್ಯೂಲೆಟ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿನ ಅಚೋಲಿ ಜನರ ನಡುವೆ ಅಧ್ಯಯನ ಮಾಡಿದರು. ‘ಗೆಮೊ’ ಎಂಬ ಮಾರಿ ಬಂದಿದೆ ಎಂದು ಖಚಿತವಾದೊಡನೆ ಅಚೋಲಿಗಳು ತಮ್ಮದೇ ಕಟ್ಟುಪಾಡುಗಳನ್ನು ಜಾರಿಗೆ ತರುತ್ತಿದ್ದರು. ರೋಗಿಗೆ ದೂರದ ಮನೆ, ರೋಗ ಬಂದು ಬದುಕಿದವರಿಂದಲೇ ಆರೈಕೆ, ಮನೆಯ ಮುಂದೆ ಹುಲ್ಲಿನ ಕೋಲುಗಳ ಗುರುತು, ಊರಿಂದೂರಿಗೆ ಓಡಾಟ ಬಂದ್, ಕುಣಿತ ಬಂದ್. ಹೊರಗಿನಿಂದ ಬಂದ ವೈದ್ಯಪಡೆ ಹೇಳಿದ್ದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಸಮಾಜಗಳ ಬಳಿ ತಮ್ಮದೇ ಆದ ಅನುಭವಜ್ಞಾನ ಇರುತ್ತದೆ. ಅದನ್ನು ಮೂಢನಂಬಿಕೆ ಎಂದು ಬದಿಗೆ ತಳ್ಳುವ ಮೊದಲು ಕುಳಿತು ಕೇಳಬೇಕು.

2. ಮಾರಿಯನ್ನು ಹೊತ್ತವರು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಆಟಿ ತಿಂಗಳಲ್ಲಿ ತುಳುನಾಡಿನ ಮನೆಯಂಗಳಕ್ಕೆ ಕಳೆಂಜ ಬರುತ್ತಾನೆ. ಕೈಯಲ್ಲಿ ತಾಳೆಯೋಲೆಯ ಕೊಡೆ, ಜೊತೆಗೆ ತೆಂಬರೆಯ ಸದ್ದು. ಊರಿನ ಮಾರಿಯನ್ನು, ದನಕರುಗಳ ಮಾರಿಯನ್ನು ಕಳೆಯುವವನು ಅವನು. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಸಿನ, ಇದ್ದಿಲು, ಉಪ್ಪು, ಮೆಣಸು ಕೊಟ್ಟು ಕಳಿಸುತ್ತಾರೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುತ್ತೇವೆ, ಮೈ ತಂಪಾಗಲು ಮೆಂತೆ ಗಂಜಿ ಉಣ್ಣುತ್ತೇವೆ. ಇವು ಈಗ ‘ಆಟಿಡೊಂಜಿ ದಿನ’ದ ವೇದಿಕೆಗಳಿಗೂ ಬಂದಿವೆ.

ಕಳೆಂಜನ ಕಟ್ಟು ಕಟ್ಟುವವರು ಯಾರು? ನಲಿಕೆ ಸಮುದಾಯದವರು. ಮಳೆಗಾಲದ ಆ ದಿನಗಳಲ್ಲಿ ಕೆಲಸವಿಲ್ಲ, ಕಣಜದಲ್ಲಿ ಕಾಳಿಲ್ಲ. ಕಳೆಂಜನಿಗೆ ಸಿಗುತ್ತಿದ್ದ ಅಕ್ಕಿ ಆ ಮನೆಗಳ ಹೊಟ್ಟೆಗೆ ಆಧಾರ. ಊರಿನ ಮಾರಿಯನ್ನು ತನ್ನ ಮೈಮೇಲೆ ಹಾಕಿಕೊಂಡು ಹೊರಗೆ ಒಯ್ಯುವ ಕೆಲಸ ಊರಿನ ಅಂಚಿನಲ್ಲಿ ಬದುಕಿದ್ದವರ ಪಾಲಿಗೆ ಬಂತು.

ಇದರ ಅತ್ಯಂತ ಕ್ರೂರ ರೂಪವನ್ನು ಹೆಸರಿಟ್ಟೇ ಹೇಳಬೇಕು. ಅಜಲು ಪದ್ಧತಿಯಲ್ಲಿ ಕೂದಲು, ಉಗುರು ಮುಂತಾದ ತಿನ್ನಬಾರದ ವಸ್ತುಗಳನ್ನು ಅನ್ನದಲ್ಲಿ ಬೆರೆಸಿ ಕೊರಗ ಸಮುದಾಯದವರಿಗೆ ತಿನ್ನಿಸಲಾಗುತ್ತಿತ್ತು. ಮನೆಯವರ ರೋಗ, ಅನಿಷ್ಟ ಇನ್ನೊಬ್ಬ ಮನುಷ್ಯನ ದೇಹಕ್ಕೆ ದಾಟಿಹೋಗಲಿ ಎಂಬುದು ಅದರ ಹಿಂದಿನ ಲೆಕ್ಕ. ಅದನ್ನು ಅಪರಾಧವೆಂದು ಸಾರಲು 2000ನೇ ಇಸವಿಯ ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಕಾಯ್ದೆಯೇ ಬೇಕಾಯಿತು. ನಮ್ಮ ಊರುಗಳು ರೋಗಿಗೆ ಗೌರವ ಕೊಟ್ಟದ್ದು ಎಷ್ಟು ನಿಜವೋ, ರೋಗವನ್ನು ತಮಗಿಂತ ಕೆಳಗೆ ಇಟ್ಟವರ ಮೇಲೆ ಹೇರಿದ್ದೂ ಅಷ್ಟೇ ನಿಜ. ಪರಂಪರೆಯನ್ನು ಕೊಂಡಾಡುವಾಗ ಈ ಎರಡನ್ನೂ ಒಟ್ಟಿಗೆ ನೆನೆಯದಿದ್ದರೆ ನಾವು ಪ್ರಾಮಾಣಿಕರಲ್ಲ.

ಹೇರುವ ಈ ಪ್ರವೃತ್ತಿ ಜಗತ್ತಿನ ಎಲ್ಲೆಡೆ ಇದೆ. 14ನೇ ಶತಮಾನದ ಯುರೋಪಿನಲ್ಲಿ ಪ್ಲೇಗು ಹರಡಿದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರೆಂದು ಆರೋಪಿಸಿ ಸ್ಟ್ರಾಸ್‌ಬರ್ಗ್‌ನಂಥ ನಗರಗಳಲ್ಲಿ ಅವರನ್ನು ಸಾಮೂಹಿಕವಾಗಿ ಸುಟ್ಟರು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಕೃತಿಯಲ್ಲಿ ಶುದ್ಧಿ ಅಶುದ್ಧಿಯ ಕಲ್ಪನೆಗಳನ್ನು ವಿವರಿಸುತ್ತ, ಮೈಲಿಗೆಯ ಭಯ ಸಮಾಜದ ಒಳಗಿನ ವ್ಯವಸ್ಥೆಯನ್ನೇ ಎತ್ತಿ ತೋರಿಸುತ್ತದೆ ಎಂದರು. ಯಾರನ್ನು ಮೊದಲು ಅನುಮಾನಿಸುತ್ತೇವೆ ಎಂಬುದು ರೋಗ ಬರುವ ಮುಂಚೆಯೇ ನಿಶ್ಚಯವಾಗಿರುತ್ತದೆ.

3. 2020: ಊರಿನವರೇ ಹೊರಗಿನವರಾದಾಗ

ಈಗ ನಮ್ಮ ಕಣ್ಣೆದುರಿನ ಕಾಲಕ್ಕೆ ಬರೋಣ. ಉಡುಪಿ ಜಿಲ್ಲೆಯ ಮೊದಲ ಕೊರೊನಾ ಪ್ರಕರಣ ದೃಢಪಟ್ಟಿದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ. ಮೇ ಮಧ್ಯದವರೆಗೂ ಜಿಲ್ಲೆಯ ಲೆಕ್ಕ ಮೂರನ್ನು ದಾಟಲಿಲ್ಲ. ಹಸಿರು ವಲಯ ಎಂದು ಹೆಮ್ಮೆಪಟ್ಟೆವು. ಆ ಹೆಮ್ಮೆಗೆ ನಾವು ತೆತ್ತ ಬೆಲೆಯೂ ದೊಡ್ಡದು. ಕೃಷ್ಣಮಠದ ಬಾಗಿಲು ಭಕ್ತರಿಗೆ ಮುಚ್ಚಿತು, ಮತ್ತೆ ತೆರೆದದ್ದು ಸೆಪ್ಟೆಂಬರ್ ಕೊನೆಗೆ. ಯಕ್ಷಗಾನ ಮೇಳಗಳ ತಿರುಗಾಟ, ಅದು ಮುಗಿಯಬೇಕಾದ ಪತ್ತನಾಜೆಗೆ ಎರಡು ತಿಂಗಳು ಮೊದಲೇ ನಿಂತಿತು. ನೇಮ, ಕೋಲಗಳ ಹರಕೆ ಬಾಕಿ ಉಳಿದವು. ಮುಂಬೈಗೂ ಗಲ್ಫಿಗೂ ಹೋಗುತ್ತಿದ್ದ ಶಂಕರಪುರದ ಮಲ್ಲಿಗೆ ಗಿಡದಲ್ಲೇ ಅರಳಿ ಬಾಡಿತು. ಉಡುಪಿಯ ಬೀಡಿನಗುಡ್ಡೆಯಲ್ಲಿದ್ದ ಉತ್ತರ ಕರ್ನಾಟಕದ ಕೂಲಿಕಾರರಿಗೆ ಕೆಲಸವೂ ಇಲ್ಲ, ಊರಿಗೆ ಹೋಗಲು ಬಸ್ಸೂ ಇಲ್ಲ.

ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರು ಬರತೊಡಗಿದರು. ಜೂನ್ ಮಧ್ಯದೊಳಗೆ ಪ್ರಕರಣಗಳು ಸಾವಿರ ದಾಟಿದವು. ಕೆಲವು ದಿನ ಇಡೀ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ನಮ್ಮದಾಗಿತ್ತು.

ಮುಂಬೈಗೂ ಈ ಜಿಲ್ಲೆಗೂ ಇರುವ ನಂಟನ್ನು ನಿಮಗೆ ವಿವರಿಸಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ. ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ್ದು ಅಲ್ಲಿ. ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶಕ್ಕೆ, ಶಾಲೆಯ ಕಟ್ಟಡಕ್ಕೆ ಹಣ ಬರುತ್ತಿದ್ದುದು ಅಲ್ಲಿಂದ. ಕುಟುಂಬದ ಮನೆಯಲ್ಲಿ ನಾಗನ ತಂಬಿಲಕ್ಕೆ ಅವರು ಬಂದರೆ ಮನೆಗೇ ಕಳೆ. ಅಂಥವರು ಗಡಿಯಲ್ಲಿ ನಿಂತಾಗ, ಬರಬೇಡಿ ಎಂಬ ಮಾತು ಊರಿನೊಳಗಿಂದ ಬಂತು. ಕ್ವಾರಂಟೈನ್‌ಗೆ ನಮ್ಮ ಶಾಲೆ ಬೇಡ ಎಂದು ಅಲ್ಲಲ್ಲಿ ವಿರೋಧ ಎದ್ದಿತು. ಬಂದವರ ಮನೆಗೆ ಹಾಲು ಹಾಕಲು, ಅವರ ಬಾವಿಯ ಹತ್ತಿರ ಸುಳಿಯಲು ಜನ ಹೆದರಿದರು. ಅದೇ ಬೇಸಿಗೆಯಲ್ಲಿ ಪಕ್ಕದ ದಕ್ಷಿಣ ಕನ್ನಡದ ಕೆಲವೆಡೆ ಮುಸ್ಲಿಂ ವ್ಯಾಪಾರಿಗಳು ಬರಕೂಡದು ಎಂಬ ಬರಹಗಳು ಕಂಡವು. ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದರಿಂದ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಕಾಣದೆ ಪ್ರಾಣ ಬಿಟ್ಟರು. ಆ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಅದೇ ಹೊತ್ತಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ದಾಖಲಿಸಬೇಕು. ಕಾರ್ಕಳದಿಂದ ಬೈಂದೂರಿನವರೆಗೆ ಶಾಲೆ, ಹಾಸ್ಟೆಲು, ವಸತಿಗೃಹಗಳಲ್ಲಿ ಸಾವಿರಾರು ಜನರಿಗೆ ಹಾಸಿಗೆ, ಊಟ ಒದಗಿತು. ಪಂಚಾಯಿತಿಯವರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಹಗಲು ರಾತ್ರಿ ದುಡಿದರು. ಯುವಕ ಮಂಡಲಗಳು, ಭಜನಾ ಮಂಡಳಿಗಳು, ಮಸೀದಿ, ಚರ್ಚುಗಳ ಸಮಿತಿಗಳು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕಟ್ಟಿ ಮನೆಮನೆಗೆ ಮುಟ್ಟಿಸಿದವು. ಈ ಶಕ್ತಿ ಎಲ್ಲಿಂದ ಬಂತು? ಹೊರೆಕಾಣಿಕೆಯ ಅಭ್ಯಾಸದಿಂದ ಬಂತು ಎಂದು ನನ್ನ ಅಭಿಪ್ರಾಯ. ಕೃಷ್ಣಮಠದ ಪರ್ಯಾಯಕ್ಕೆ, ಬ್ರಹ್ಮಕಲಶಕ್ಕೆ ಯಾವ ಮನೆಯಿಂದ ಎಷ್ಟು ತೆಂಗಿನಕಾಯಿ, ಎಷ್ಟು ಅಕ್ಕಿ ಬರುತ್ತದೆ, ಯಾರ ಗಾಡಿ ಸಿಗುತ್ತದೆ, ಯಾರು ಅಡುಗೆಗೆ ನಿಲ್ಲುತ್ತಾರೆ ಎಂಬುದು ಪ್ರತಿ ಊರಿನ ಹತ್ತಾರು ಜನರಿಗೆ ಬಾಯಿಪಾಠ. ಉತ್ಸವಕ್ಕೆಂದು ಕಟ್ಟಿದ ಈ ಜಾಲ ಆಪತ್ತಿನಲ್ಲಿ ಪಡಿತರದ ಜಾಲವಾಯಿತು. ಉತ್ಸವಗಳನ್ನು ದುಂದುಗಾರಿಕೆ ಎಂದಷ್ಟೇ ನೋಡುವವರು ಇದನ್ನು ಗಮನಿಸಬೇಕು.

4. ಹೆಣವನ್ನು ಯಾರು ಮುಟ್ಟಬೇಕು

ಸಾಂಕ್ರಾಮಿಕದ ಅತಿ ಕಠಿಣ ಪ್ರಶ್ನೆ ಹೆಣದ್ದು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಮಾಧ್ವ ಅಗ್ರಹಾರವೊಂದರಲ್ಲಿ ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣವನ್ನು ಯಾರು ಸುಡಬೇಕು ಎಂಬುದೇ ಅದರ ಬಿಕ್ಕಟ್ಟು. ಶಾಸ್ತ್ರ ಬಲ್ಲವರು ಉತ್ತರ ಹುಡುಕುತ್ತ ಕುಳಿತಿರುವಾಗ ನಾರಣಪ್ಪನ ಸಂಗಾತಿ ಚಂದ್ರಿ ಒಬ್ಬ ಮುಸ್ಲಿಮನ ನೆರವಿನಿಂದ ರಾತ್ರಿ ಆ ಕೆಲಸ ಮುಗಿಸುತ್ತಾಳೆ.

2020ರ ಏಪ್ರಿಲ್‌ನಲ್ಲಿ ಮಂಗಳೂರಿನ ಸುತ್ತ ಇದೇ ಪ್ರಶ್ನೆ ನಿಜವಾಗಿ ಎದುರಾಯಿತು. ಕೊರೊನಾದಿಂದ ತೀರಿಹೋದ ಮಹಿಳೆಯೊಬ್ಬರ ಅಂತ್ಯಕ್ರಿಯೆಗೆ ಒಂದು ಸ್ಮಶಾನದ ಬಳಿ ವಿರೋಧ, ಇನ್ನೊಂದರ ಬಳಿ ವಿರೋಧ. ಕೊನೆಗೆ ಸಂಸ್ಕಾರವಾದದ್ದು ಬಂಟ್ವಾಳದಲ್ಲಿ. ಸುಟ್ಟ ದೇಹದ ಹೊಗೆಯಿಂದ ವೈರಾಣು ಹರಡುವುದಿಲ್ಲ ಎಂದು ವೈದ್ಯರು ಹೇಳಿದ್ದು ಆ ರಾತ್ರಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ, 2021ರ ಎರಡನೇ ಅಲೆಯಲ್ಲಿ, ಚಿತ್ರ ಬದಲಾಯಿತು. ಪಿಪಿಇ ಕಿಟ್ ಧರಿಸಿದ ಸ್ವಯಂಸೇವಕ ಯುವಕರು ಜಾತಿ, ಮತ ಕೇಳದೆ ಹೆಣ ಹೊತ್ತರು, ಚಿತೆಗೆ ಕಟ್ಟಿಗೆ ಜೋಡಿಸಿದರು, ಗುಂಡಿ ತೋಡಿದರು. ಮಗ ಬರಲಾಗದ ಕಡೆ ಅಪರಿಚಿತ ಹುಡುಗ ಕೊನೆಯ ನೀರು ಬಿಟ್ಟ. ಆ ಹುಡುಗರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಪಶ್ಚಿಮ ಆಫ್ರಿಕಾದ ಪಾಠವೂ ಇದೇ. 2014ರಲ್ಲಿ ಎಬೋಲಾ ಹರಡಿದಾಗ ಹೆಣ ತೊಳೆಯುವ ಸಂಪ್ರದಾಯದಿಂದ ಸೋಂಕು ಹೆಚ್ಚುತ್ತಿತ್ತು. ಚೀಲದಲ್ಲಿ ಸುತ್ತಿ ಒಯ್ದು ಹೂಳಿದಾಗ ಜನ ಹೆಣಗಳನ್ನು ಬಚ್ಚಿಡತೊಡಗಿದರು. ಮಾನವಶಾಸ್ತ್ರಜ್ಞರ, ಧಾರ್ಮಿಕ ಮುಖಂಡರ ಸಲಹೆ ಪಡೆದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ನವೆಂಬರ್‌ನಲ್ಲಿ ಸುರಕ್ಷಿತ ಮತ್ತು ಗೌರವಯುತ ಶವಸಂಸ್ಕಾರದ ನಿಯಮಗಳನ್ನು ತಂದಿತು. ಬಂಧುಗಳು ದೂರದಿಂದ ನೋಡಬಹುದು, ಪ್ರಾರ್ಥಿಸಬಹುದು, ಬಟ್ಟೆ ಕೊಡಬಹುದು. ವಿರೋಧ ತಗ್ಗಿತು. ದುಃಖಕ್ಕೆ ಜಾಗ ಕೊಡದ ನಿಯಮವನ್ನು ಜನ ಪಾಲಿಸುವುದಿಲ್ಲ ಎಂಬುದು ಅಲ್ಲಿ ಸಾಬೀತಾಯಿತು.

5. ಮಣಿಪಾಲದ ಗುಡ್ಡ ಮತ್ತು ಜನರ ನಂಬಿಕೆ

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದದ್ದರ ಫಲವನ್ನು ನಾವು ಸಾಂಕ್ರಾಮಿಕಗಳಲ್ಲಿ ಉಂಡಿದ್ದೇವೆ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ನಿಗೂಢ ಜ್ವರ ನಿಫಾ ಎಂದು ಗುರುತಿಸಿದ್ದು ಮಣಿಪಾಲದ ವೈರಾಣು ಪ್ರಯೋಗಾಲಯ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಮಂಗನ ಕಾಯಿಲೆ ಉಲ್ಬಣಿಸಿದಾಗ ರೋಗಿಗಳು ಘಟ್ಟ ಇಳಿದು ಬಂದದ್ದು ಇಲ್ಲಿಗೆ. 2020ರ ಏಪ್ರಿಲ್‌ನಲ್ಲಿ ಉಡುಪಿಯ ಟಿಎಂಎ ಪೈ ಆಸ್ಪತ್ರೆ ಪೂರ್ತಿಯಾಗಿ ಕೋವಿಡ್ ಆಸ್ಪತ್ರೆಯಾಯಿತು.

ಆದರೆ ಪ್ರಯೋಗಾಲಯವೊಂದೇ ರೋಗವನ್ನು ತಡೆಯಲಾರದು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಅದು ಬರುವ ಸೂಚನೆ ಮೊದಲು ಸಿಗುವುದು ಕಾಡಂಚಿನ ಜನರಿಗೆ. ಸತ್ತ ಮಂಗವನ್ನು ಕಂಡವರು ಕೂಡಲೇ ತಿಳಿಸಿದರೆ ಮಾತ್ರ ಇಲಾಖೆ ಕೆಲಸ ಶುರುಮಾಡಬಲ್ಲದು. ತಿಳಿಸಬೇಕಾದರೆ ಇಲಾಖೆಯ ಮೇಲೆ ನಂಬಿಕೆ ಬೇಕು. ಲಸಿಕೆಯ ವಿಚಾರವೂ ಹಾಗೆಯೇ. 2021ರಲ್ಲಿ ಜಾಹೀರಾತು ನೋಡಿ ತೋಳು ಕೊಟ್ಟವರಿಗಿಂತ, ‘ಅಮ್ಮ, ನಾನೇ ತೆಗೆದುಕೊಂಡಿದ್ದೇನೆ, ಬನ್ನಿ’ ಎಂದು ಪರಿಚಯದ ಆಶಾ ಕಾರ್ಯಕರ್ತೆ ಅಂಗಳದಲ್ಲಿ ನಿಂತು ಕರೆದಾಗ ಹೊರಟವರೇ ಹಳ್ಳಿಗಳಲ್ಲಿ ಹೆಚ್ಚು ಎಂಬುದು ನನ್ನ ಗ್ರಹಿಕೆ. ವಿಜ್ಞಾನ ಜನರನ್ನು ಮುಟ್ಟುವುದು ಪರಿಚಿತ ಮುಖದ ಮೂಲಕ. ಅಂಥ ಮುಖಗಳಿಗೆ ನಾವು ಕೊಡುವ ಗೌರವಧನ, ಕೊಡುವ ಮರ್ಯಾದೆ ಎಷ್ಟು? ಮಾರಿಯನ್ನು ಹೊರುವ ಕೆಲಸ ಹಿಂದೆ ನಲಿಕೆಯವರದ್ದಾಗಿತ್ತು. 2020ರಲ್ಲಿ ಅದು ಆಶಾ ಕಾರ್ಯಕರ್ತೆಯರದ್ದು, ಪೌರಕಾರ್ಮಿಕರದ್ದು, ಆಂಬುಲೆನ್ಸ್ ಚಾಲಕರದ್ದು. ಅವರಿಗಾಗಿ ಚಪ್ಪಾಳೆ ತಟ್ಟಿದೆವು, ಜಾಗಟೆ ಬಾರಿಸಿದೆವು. ಅವರ ಸಂಬಳದ ಪ್ರಶ್ನೆ ಈಗಲೂ ಬೀದಿಯಲ್ಲೇ ಇದೆ.

6. ಮುಂದಿನದಕ್ಕೆ ಮುನ್ನ

ಮತ್ತೊಂದು ಸಾಂಕ್ರಾಮಿಕ ಬರುತ್ತದೆ. ಆಗ ನಾವು ಮಾಡಬೇಕಾದ ಕೆಲಸಗಳನ್ನು ಈಗಲೇ ಕಟ್ಟಿಕೊಳ್ಳಬೇಕು. ಮೂರನ್ನು ಸೂಚಿಸುತ್ತೇನೆ.

ಮೊದಲನೆಯದು ದಾಖಲೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ 2020, 2021ರ ಅನುಭವವನ್ನು ಬರೆದಿಡಲಿ. ಯಾರು ಬಂದರು, ಎಲ್ಲಿ ಉಳಿದರು, ಯಾರು ಉಣಿಸಿದರು, ಯಾರು ತಡೆದರು, ಯಾವುದು ನೆರವಾಯಿತು, ಯಾವುದು ಕೆಟ್ಟಿತು. ಈ ಸಭಾಂಗಣದಲ್ಲಿರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಈ ಕೆಲಸ ಆರಂಭಿಸಬಹುದು. ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಎರಡನೆಯದು ಗಡಿಯ ಶಿಷ್ಟಾಚಾರ. ಹೊರಗಿನಿಂದ ಬಂದವರನ್ನು ಎಲ್ಲಿ ಇಳಿಸಬೇಕು, ಅವರ ಊಟ, ಶೌಚಾಲಯ, ಔಷಧಿ ಯಾರ ಹೊಣೆ ಎಂದು ಗ್ರಾಮಸಭೆಯಲ್ಲಿ ಮೊದಲೇ ತೀರ್ಮಾನವಾಗಿರಲಿ. ಸ್ಮಶಾನದ ಬಗ್ಗೆಯೂ ತೀರ್ಮಾನವಿರಲಿ. ಹೆದರಿಕೆ ಬಂದ ದಿನ ನಡೆಸುವ ಸಭೆಯಲ್ಲಿ ಒಳ್ಳೆಯ ನಿರ್ಧಾರ ಹುಟ್ಟುವುದಿಲ್ಲ.

ಮೂರನೆಯದು ಹೊರುವವರ ಹಕ್ಕು. ಊರಿನ ಅಪಾಯವನ್ನು ತಮ್ಮ ಮೈಮೇಲೆ ತೆಗೆದುಕೊಳ್ಳುವವರಿಗೆ ಖಾಯಂ ವೇತನ, ವಿಮೆ, ರಕ್ಷಣೆ ಸಿಗಬೇಕು. ಇದನ್ನು ದಯೆ ಎಂದು ತಿಳಿಯಬೇಡಿ. ಕಳೆಂಜನಿಗೆ ಕೊಟ್ಟ ಅಕ್ಕಿಯಿಂದ ಅಜಲಿನವರೆಗಿನ ಇತಿಹಾಸದಲ್ಲಿ ನಾವು ಬಾಕಿ ಉಳಿಸಿಕೊಂಡ ಸಾಲ ಅದು.

ನಮ್ಮ ಹಿರಿಯರಿಗೆ ವೈರಾಣು ಗೊತ್ತಿರಲಿಲ್ಲ, ಆದರೂ ಕೋಣೆಯೊಳಗಿದ್ದ ರೋಗಿಯನ್ನು ಅವರು ಅಪರಾಧಿಯೆಂದು ಕಾಣಲಿಲ್ಲ. ನಮಗೆ ವೈರಾಣು ಗೊತ್ತಿದೆ, ಲಸಿಕೆಯೂ ಕೈಯಲ್ಲಿದೆ. ಅವರು ಇನ್ನೊಬ್ಬರ ಮೇಲೆ ಹೇರಿದ್ದನ್ನು ನಾವು ಹೇರದೆ, ಅವರು ರೋಗಿಗೆ ಕೊಟ್ಟ ಮರ್ಯಾದೆಯನ್ನು ಬಿಡದೆ ಮುಂದಿನ ಸಲ ನಡೆದುಕೊಳ್ಳುವುದು ನಮ್ಮಿಂದ ಸಾಧ್ಯ. ಅದಕ್ಕೆ ಬೇಕಾದ ಜನ, ಸಂಸ್ಥೆ, ತಿಳಿವಳಿಕೆ ಈ ಜಿಲ್ಲೆಯಲ್ಲಿದೆ. ಮನಸ್ಸು ಮಾಡಬೇಕಾದವರು ನಾವು.